ಬೆಳ್ಳಿಯ ಡಾಲರುಗಳ ಪೂರ್ಣ ಸರಣಿ

ನಾಣ್ಯ ಸಂಗ್ರಹವೆಂದರೆ ಬಿಡುವಿನ ವೇಳೆಯ ಹವ್ಯಾಸವೆಂದು ಎಣಿಸುವವರೇ ಹೆಚ್ಚು. ಆದರೆ ಒಂದು ಸರಣಿಗೆ ಸೇರಿದ ನಾಣ್ಯಗಳನ್ನೆಲ್ಲ ಒಂದೂ ಬಿಡದೆ ಕೂಡಿಸಲು ಹೊರಟವನಿಗೆ ಇತಿಹಾಸ, ಅರ್ಥಶಾಸ್ತ್ರ, ಲೋಹವಿಜ್ಞಾನ, ಭೌತವಿಜ್ಞಾನ ಇವು ನಾಲ್ಕೂ ಒಂದಲ್ಲ ಒಂದು ಹಂತದಲ್ಲಿ ಎದುರಾಗುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ‘ಮಾರ್ಗನ್ ಡಾಲರ್’ ಎಂಬ ಬೆಳ್ಳಿಯ ನಾಣ್ಯವು ಇದಕ್ಕೆ ಒಳ್ಳೆಯ ನಿದರ್ಶನ.

1878ರ ಬ್ಲಾಂಡ್–ಆಲಿಸನ್ ಶಾಸನದ ಮೇರೆಗೆ ಅಮೆರಿಕದ ಸರ್ಕಾರವು ತಿಂಗಳಿಗೆ 20ರಿಂದ 40 ಲಕ್ಷ ಡಾಲರು ಬೆಲೆಯ ಬೆಳ್ಳಿಯನ್ನು ಕೊಂಡು ನಾಣ್ಯವನ್ನಾಗಿ ಟಂಕಿಸಬೇಕಾಯಿತು. ಇಂಗ್ಲೆಂಡಿನಿಂದ ಬಂದಿದ್ದ ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರನು ಇದರ ಅಚ್ಚನ್ನು ರೂಪಿಸಿದನು. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿಯ ಶಿರಸ್ಸು. ಮತ್ತೊಂದರಲ್ಲಿ ರೆಕ್ಕೆ ಬಿಚ್ಚಿದ ಹದ್ದು. ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರು, ನೂರರಲ್ಲಿ 90 ಪಾಲು ಬೆಳ್ಳಿ, 10 ಪಾಲು ತಾಮ್ರ. 1878ರಿಂದ 1904ರವರೆಗೂ, ಬಳಿಕ 1921ರಲ್ಲಿ ಒಂದು ವರ್ಷವೂ ಇದು ಅಚ್ಚಾಯಿತು. ಫಿಲಡೆಲ್ಫಿಯದ ಟಂಕಸಾಲೆಯ ನಾಣ್ಯದಲ್ಲಿ ಗುರುತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋವಿನದರಲ್ಲಿ ‘ಎಸ್’, ನ್ಯೂ ಆರ್ಲಿಯನ್ಸಿನದರಲ್ಲಿ ‘ಓ’, ಕಾರ್ಸನ್ ಸಿಟಿಯದರಲ್ಲಿ ‘ಸಿಸಿ’, 1921ರಲ್ಲಿ ಮಾತ್ರ ಸೇರಿಕೊಂಡ ಡೆನ್ವರಿನದರಲ್ಲಿ ‘ಡಿ’ ಎಂಬ ಅಕ್ಷರಗಳನ್ನು ಹದ್ದಿನ ಕೆಳಗೆ ಕಾಣಬಹುದು. ಪ್ರತಿಯೊಂದು ವರ್ಷದ, ಪ್ರತಿಯೊಂದು ಟಂಕಸಾಲೆಯ ನಾಣ್ಯವೂ ಇದ್ದರೆ ಮಾತ್ರ ಸರಣಿ ಪೂರ್ಣವೆಂಬುದು ಸಂಗ್ರಾಹಕರ ನಿಯಮ. ಹೀಗೆ ಲೆಕ್ಕ ಹಾಕಿದರೆ ತೊಂಬತ್ತಕ್ಕೂ ಮೀರಿದ ನಾಣ್ಯಗಳು ಬೇಕಾಗುತ್ತವೆ.

ಇವುಗಳಲ್ಲಿ ಯಾವುದು ದುರ್ಲಭ, ಯಾವುದು ಸುಲಭ? ಕಡಮೆ ಅಚ್ಚಾದದ್ದು ದುರ್ಲಭವೆಂದು ಯಾರಾದರೂ ಹೇಳಿಯಾರು. ಈ ಉತ್ತರ ಅರ್ಧ ಸತ್ಯ. 1884ರಲ್ಲಿ ಕಾರ್ಸನ್ ಸಿಟಿಯಲ್ಲಿ ಅಚ್ಚಾದವು 11,36,000. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋವಿನಲ್ಲಿ ಅಚ್ಚಾದವು 32,00,000. ಆದರೂ ಸವೆಯದೆ ಹೊಸದಾಗಿಯೇ ಉಳಿದಿರುವ ನಾಣ್ಯವನ್ನು ಅರಸಿದರೆ ಮೊದಲನೆಯದು ಬೇಕಾದಷ್ಟು ದೊರೆಯುತ್ತದೆ, ಎರಡನೆಯದು ಬಹಳ ವಿರಳ. ಕಾರ್ಸನ್ ಸಿಟಿಯ ಆ ನಾಣ್ಯಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸರ್ಕಾರದ ಖಜಾನೆಯ ಚೀಲಗಳಲ್ಲಿಯೇ ಮಲಗಿದ್ದು, 1970ರ ದಶಕದಲ್ಲಿ ಹರಾಜಿನ ಮೂಲಕ ಹೊರಬಂದವು. ಮತ್ತೊಂದೂರಿನವು ಜನರ ಕೈಯಲ್ಲಿ ಓಡಾಡಿ ಸವೆದುಹೋದವು. ಎಷ್ಟು ಹುಟ್ಟಿದವೆಂಬುದು ದಾಖಲೆಯ ಪುಸ್ತಕದಲ್ಲಿದೆ. ಎಷ್ಟು ಉಳಿದವೆಂಬುದು ಎಲ್ಲಿಯೂ ಬರೆದಿಲ್ಲ.

ಬರೆದಿಡದೆ ಹೋದುದಕ್ಕೆ ಒಂದು ದೊಡ್ಡ ಕಾರಣ ನಮ್ಮ ದೇಶಕ್ಕೇ ಸಂಬಂಧಪಟ್ಟದ್ದೆಂಬುದು ಕುತೂಹಲದ ಸಂಗತಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಡಿಯದಿಂದ ಬ್ರಿಟನ್ನಿಗೆ ಅಪಾರವಾದ ಸರಕು ಹೋಗುತ್ತಿತ್ತು. ಅದರ ಬೆಲೆ ರೂಪಾಯಿಗಳಲ್ಲಿ ಸಲ್ಲಬೇಕಾಗಿತ್ತು. ಯುದ್ಧದ ಸುದ್ದಿಗಳಿಂದ ಅಂಜಿದ ಜನ ಕಾಗದದ ನೋಟನ್ನು ಕೊಟ್ಟು ಬೆಳ್ಳಿಯ ರೂಪಾಯಿಯನ್ನು ಕೇಳತೊಡಗಿದರು. 1918ರ ವೇಳೆಗೆ ಖಜಾನೆಯ ಬೆಳ್ಳಿ ಬರಿದಾಗುವ ಸ್ಥಿತಿ ಬಂದಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಶಾಸನಸಭೆಯು ಪಿಟ್‌ಮನ್ ಶಾಸನವನ್ನು ಅಂಗೀಕರಿಸಿ, ತನ್ನ ಬೆಳ್ಳಿಯ ಡಾಲರುಗಳನ್ನು ಕರಗಿಸಿ ಬ್ರಿಟನ್ನಿಗೆ ಮಾರಲು ಒಪ್ಪಿತು. ಒಟ್ಟು 27,02,32,722 ಡಾಲರುಗಳು ಕುಲುಮೆಗೆ ಬಿದ್ದವು. ಅವುಗಳಲ್ಲಿ 25,91,21,554ರ ಬೆಳ್ಳಿ ಇಂಡಿಯದ ರೂಪಾಯಿಗಾಗಿ ಹಡಗನ್ನೇರಿತು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಡಾಲರಿನ ತೂಕ 412.5 ಗ್ರೈನು, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಎಂದರೆ 371.25 ಗ್ರೈನು, ಶುದ್ಧ ಬೆಳ್ಳಿ. ಆ ಕಾಲದ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 180 ಗ್ರೈನು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಎಂದರೆ 165 ಗ್ರೈನು, ಶುದ್ಧ ಬೆಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸರಿಯಾಗಿ ಎರಡೂಕಾಲು ಬರುತ್ತದೆ. ನಾಲ್ಕು ಡಾಲರು ಕರಗಿದರೆ ಒಂಬತ್ತು ರೂಪಾಯಿ! ಹೀಗೆ ಸುಮಾರು 58 ಕೋಟಿ ರೂಪಾಯಿಗೆ ಸಾಕಾಗುವಷ್ಟು ಬೆಳ್ಳಿ ಇಲ್ಲಿಗೆ ಬಂದಿತೆಂದಾಯಿತು. ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖವುಳ್ಳ 1919ರ ರೂಪಾಯಿಯೇನಾದರೂ ಇದ್ದರೆ, ಅದು ಒಂದು ಕಾಲಕ್ಕೆ ಮಾರ್ಗನ್ನನ ಹದ್ದಾಗಿದ್ದಿರಬಹುದು. ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳೆಷ್ಟು ಕರಗಿದವೆಂಬುದನ್ನು ಯಾರೂ ಬರೆದಿಡಲಿಲ್ಲ. ಸಂಗ್ರಾಹಕನ ಕಷ್ಟ ಅಲ್ಲಿಂದ ಮೊದಲಾಗುತ್ತದೆ.

ಈ ಅಜ್ಞಾನಕ್ಕೆ ಬೆಲೆ ತೆತ್ತವರೂ ಉಂಟು. 1903ರ ನ್ಯೂ ಆರ್ಲಿಯನ್ಸಿನ ಡಾಲರು ನಲವತ್ತು ಲಕ್ಷಕ್ಕೂ ಮಿಕ್ಕಿ ಅಚ್ಚಾಗಿದ್ದರೂ ಕಣ್ಣಿಗೆ ಬೀಳದಷ್ಟು ದುರ್ಲಭವಾಗಿತ್ತು. ಎಲ್ಲವೂ ಕರಗಿಹೋದವೆಂದೇ ಜನ ನಂಬಿದ್ದರು. 1962ರ ಕೊನೆಯಲ್ಲಿ ಖಜಾನೆಯ ಉಗ್ರಾಣದಿಂದ ಸಾವಿರ ಸಾವಿರ ನಾಣ್ಯಗಳ ಚೀಲಗಳು ಹೊರಬಂದಾಗ ಅವುಗಳೊಳಗೆ ಈ ನಾಣ್ಯವೇ ತುಂಬಿತ್ತು. ನೂರಾರು ಡಾಲರು ತೆತ್ತು ಕೊಂಡವರ ನಾಣ್ಯದ ಬೆಲೆ ಕೆಲವೇ ವಾರಗಳಲ್ಲಿ ಪಾತಾಳಕ್ಕಿಳಿಯಿತು.

ಇನ್ನು ಭೌತವಿಜ್ಞಾನದ ಮಾತಿಗೆ ಬರೋಣ. ಬೆಲೆಯುಳ್ಳ ನಾಣ್ಯಕ್ಕೆ ಖೋಟಾ ನಾಣ್ಯದ ಕಾಟ ತಪ್ಪಿದ್ದಲ್ಲ. ಮೊದಲ ಪರೀಕ್ಷೆ ತೂಕದ್ದು. ಆದರೆ ಕೈಯಿಂದ ಕೈಗೆ ದಾಟಿದ ಅಸಲಿ ನಾಣ್ಯವೂ ಸವೆದು ಕಾಲು ಗ್ರಾಮೋ ಅರ್ಧ ಗ್ರಾಮೋ ಕಳೆದುಕೊಂಡಿರುವುದರಿಂದ ತೂಕವೊಂದನ್ನೇ ನಂಬುವಂತಿಲ್ಲ. ಸವೆದರೂ ಬದಲಾಗದ ಗುಣವೊಂದು ಬೇಕು. ಅದೇ ಸಾಂದ್ರತೆ.

ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ 10.49 ಗ್ರಾಂ, ತಾಮ್ರದ್ದು 8.96. ಒಂದು ಗ್ರಾಂ ಡಾಲರು ಲೋಹದಲ್ಲಿ 0.9 ಗ್ರಾಂ ಬೆಳ್ಳಿಯೂ 0.1 ಗ್ರಾಂ ತಾಮ್ರವೂ ಇರುವುದರಿಂದ ಅವುಗಳ ಗಾತ್ರಗಳನ್ನು ಕೂಡಿಸಿದರೆ 0.0970 ಘನ ಸೆಂಟಿಮೀಟರು. ಸಾಂದ್ರತೆ ಸುಮಾರು 10.31. (ಎರಡು ಸಾಂದ್ರತೆಗಳ ಸರಾಸರಿಯನ್ನು ನೇರವಾಗಿ ತೆಗೆಯುವುದು ತಪ್ಪು, ಕೂಡಿಸಬೇಕಾದದ್ದು ಗಾತ್ರಗಳನ್ನು.) ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ತುಂಡನ್ನು ನೀರಿನಲ್ಲಿ ತೂಗಿ ಬೇಸತ್ತ ವಿದ್ಯಾರ್ಥಿಗೆ ಆರ್ಕಿಮಿಡೀಸನ ತತ್ತ್ವದ ಬೆಲೆ ಇಲ್ಲಿ ತಿಳಿಯುತ್ತದೆ. ಸವೆದ ನಾಣ್ಯವೊಂದು ಗಾಳಿಯಲ್ಲಿ 26.52 ಗ್ರಾಂ, ತೆಳುವಾದ ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟಾಗ 23.95 ಗ್ರಾಂ ತೂಗಿತೆನ್ನಿ. ನಷ್ಟ 2.57 ಗ್ರಾಂ. 26.52ನ್ನು 2.57ರಿಂದ ಭಾಗಿಸಿದರೆ 10.32. ನಾಣ್ಯ ಸವೆದಿದೆ, ಲೋಹ ಮಾತ್ರ ಸರಿಯಾಗಿದೆ.

ಇಲ್ಲಿ ಎಚ್ಚರ ಬೇಕು. ನಾಣ್ಯದ ಅಂಚಿನ ಗೀರುಗಳಲ್ಲಿ 0.05 ಘನ ಸೆಂಟಿಮೀಟರಿನಷ್ಟು ಗಾಳಿಯ ಗುಳ್ಳೆಗಳು ಅಂಟಿಕೊಂಡರೆ ಸಾಕು, ನಷ್ಟ 2.62 ಆಗಿ ಸಾಂದ್ರತೆ 10.12ಕ್ಕೆ ಇಳಿದು, ಅಸಲಿ ನಾಣ್ಯದ ಮೇಲೆ ಅಪವಾದ ಬರುತ್ತದೆ. ನಾಣ್ಯವನ್ನು ನೀರಿನೊಳಗೆ ಮೆಲ್ಲನೆ ಅಲುಗಿಸಿ ಗುಳ್ಳೆಗಳನ್ನು ಬಿಡಿಸಿದ ಮೇಲೆಯೇ ತೂಗಬೇಕು. ಈಗ ದೊರೆಯುವ ಸಣ್ಣ ವಿದ್ಯುನ್ಮಾನ ತಕ್ಕಡಿ ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು. ಡಾಲರು ಸಿಕ್ಕದವರು ಹಳೆಯ ರೂಪಾಯಿಯಿಂದಲೇ ಅಭ್ಯಾಸ ಮಾಡಬಹುದು. ಅದರ ಸಾಂದ್ರತೆ 10.34ರ ಸುತ್ತಮುತ್ತ ಬರಬೇಕು. ಡಾಲರಿನ ಲೋಹಕ್ಕೂ ರೂಪಾಯಿಯ ಲೋಹಕ್ಕೂ ಇರುವ ಈ 0.03ರ ಅಂತರವನ್ನು ಮನೆಯ ತಕ್ಕಡಿ ನಂಬುವಂತೆ ತೋರಿಸಲಾರದು.

ತಾಮ್ರ–ನಿಕ್ಕಲ್ ಮಿಶ್ರಲೋಹಕ್ಕೆ ಬೆಳ್ಳಿಯ ಲೇಪ ಕೊಟ್ಟ ಖೋಟಾ ನಾಣ್ಯ ಈ ಪರೀಕ್ಷೆಯಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಅದರ ಸಾಂದ್ರತೆ 8.9ರಷ್ಟಿರುವುದರಿಂದ ಅಸಲಿನ ಅಳತೆಯಲ್ಲಿ ಮಾಡಿದರೆ ತೂಕ 23 ಗ್ರಾಮಿನ ಆಸುಪಾಸು. ತೂಕ ಸರಿದೂಗಿಸಲು ಹೋದರೆ ದಪ್ಪ ನೂರಕ್ಕೆ ಹದಿನೈದರಷ್ಟು ಹೆಚ್ಚುತ್ತದೆ. ಜಾಣನಾದ ಖೋಟಾಗಾರ ಸುಮ್ಮನಿರುವುದಿಲ್ಲ. ಐದರಲ್ಲಿ ನಾಲ್ಕು ಪಾಲಿಗೆ ತುಸು ಮೇಲ್ಪಟ್ಟು ಸೀಸವನ್ನೂ ಮಿಕ್ಕಷ್ಟು ತವರವನ್ನೂ ಬೆರೆಸಿದರೆ ಸಾಂದ್ರತೆ ಬೆಳ್ಳಿನಾಣ್ಯದ್ದಕ್ಕೇ ಸಮನಾಗುತ್ತದೆ! ಆಗ ವಿದ್ಯುತ್ತಿನ ಮೊರೆ ಹೋಗಬೇಕು. ನಾಣ್ಯವನ್ನು ಓರೆಯಾಗಿ ಹಿಡಿದು, ಕಾಗದದಲ್ಲಿ ಸುತ್ತಿದ ಬಲವಾದ ಚಿಕ್ಕ ಅಯಸ್ಕಾಂತವೊಂದನ್ನು ಅದರ ಮೇಲೆ ಜಾರಬಿಡಿ. ಬೆಳ್ಳಿಯನ್ನು ಅಯಸ್ಕಾಂತವು ಆಕರ್ಷಿಸುವುದಿಲ್ಲ. ಆದರೂ ಅದು ಬೆಲ್ಲದ ಪಾಕದ ಮೇಲೆ ಜಾರುವಂತೆ ನಿಧಾನವಾಗಿ ಇಳಿಯುತ್ತದೆ. ಚಲಿಸುವ ಅಯಸ್ಕಾಂತವು ಲೋಹದಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸುತ್ತದೆ, ಅವು ಅದರ ಚಲನೆಯನ್ನೇ ತಡೆಯುತ್ತವೆ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತ್ಯುತ್ತಮವಾಗಿ ಒಯ್ಯುವುದು ಬೆಳ್ಳಿ. ಸೀಸದ ವಾಹಕತೆ ಅದರ ಹನ್ನೆರಡನೆಯ ಒಂದು ಪಾಲಿಗೂ ಕಡಮೆ. ಶುದ್ಧ ತಾಮ್ರವೇನೋ ಅಯಸ್ಕಾಂತವನ್ನು ಬೆಳ್ಳಿಯಂತೆಯೇ ತಡೆಯುತ್ತದೆ, ಆದರೆ ಅದು ಸಾಂದ್ರತೆಯಲ್ಲಿ ಸೋಲುತ್ತದೆ. ಎರಡು ಪರೀಕ್ಷೆಗಳನ್ನೂ ಒಟ್ಟಿಗೆ ಗೆಲ್ಲುವ ಅಗ್ಗದ ಲೋಹ ಸುಲಭವಾಗಿ ಸಿಕ್ಕದು.

ಇಷ್ಟಾದರೂ ತಕ್ಕಡಿ, ಅಯಸ್ಕಾಂತಗಳೆರಡೂ ಸೋಲುವ ಮೋಸವೊಂದಿದೆ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋವಿನಲ್ಲಿ ಅಚ್ಚಾದದ್ದು ಒಂದೇ ಲಕ್ಷ. ಚಲಾವಣೆಗೆಂದು ಅಚ್ಚಾಗಿ ಇಂದಿಗೂ ಕಾಣಸಿಗುವವುಗಳಲ್ಲಿ ಇದು ಸರಣಿಯ ಅತಿ ಕಡಮೆಯ ಸಂಖ್ಯೆ. ಫಿಲಡೆಲ್ಫಿಯದ ಅದೇ ವರ್ಷದ ನಾಣ್ಯಕ್ಕೆ ಒಂದು ‘ಎಸ್’ ಅಕ್ಷರವನ್ನು ಬೆಸೆದರೆ ಬೆಳ್ಳಿಯೂ ಅಸಲು, ತೂಕವೂ ಅಸಲು, ಅಕ್ಷರವೊಂದೇ ಖೋಟಾ. ಇಲ್ಲಿ ನೆರವಾಗುವುದು ಭೂತಗನ್ನಡಿ. ಆ ಲಕ್ಷ ನಾಣ್ಯಗಳ ಶಿರೋಮುಖಕ್ಕೆ ಬಳಕೆಯಾದ ಅಚ್ಚು ಒಂದೇ. ಅದರಲ್ಲಿದ್ದ ಸಣ್ಣ ಗೀರೊಂದು ‘ಲಿಬರ್ಟಿ’ ಎಂಬ ಪದದ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ ಉಬ್ಬುಗೆರೆಯಾಗಿ ಮೂಡಿದೆ. ತಿಂಗಳುಗಟ್ಟಲೆ ಕೂಡಿಟ್ಟ ಹಣವನ್ನು ತೆರುವ ಮೊದಲು ನೋಡಬೇಕಾದದ್ದು ಆ ಗೆರೆಯನ್ನು. ಗೆರೆಯಿಲ್ಲದ ನಾಣ್ಯವನ್ನು, ಮಾರುವವನು ಎಷ್ಟೇ ಒಳ್ಳೆಯ ಮಾತಾಡಲಿ, ಕೊಳ್ಳದಿರುವುದೇ ಲೇಸು.

ದೊರೆತ ನಾಣ್ಯವನ್ನು ಹುಣಿಸೆಹಣ್ಣಿನಿಂದಲೋ ವಿಭೂತಿಯಿಂದಲೋ ತಿಕ್ಕಿ ಹೊಳಪಿಸುವ ಚಪಲ ನಮ್ಮವರಲ್ಲಿ ಸಾಮಾನ್ಯ. ದೇವರ ಪಾತ್ರೆಗೆ ಅದು ಸರಿ, ನಾಣ್ಯಕ್ಕೆ ಸಲ್ಲದು. ಅಚ್ಚಿನ ಒತ್ತಡದಲ್ಲಿ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿಯುವಾಗ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಉಂಟಾಗುತ್ತವೆ. ಹೊಸ ನಾಣ್ಯವನ್ನು ದೀಪದಡಿ ಓಲಾಡಿಸಿದಾಗ ಗಾಡಿಚಕ್ರದ ಅರಗಳಂತೆ ಬೆಳಕು ತಿರುಗುವುದು ಇವುಗಳಿಂದಲೇ. ಒಮ್ಮೆ ತಿಕ್ಕಿದರೆ ಆ ಗೆರೆಗಳು ಹೋದವೆಂದೇ ತಿಳಿಯಬೇಕು. ಗಾಳಿಯ ಗಂಧಕದಿಂದ ಕೂಡುವ ಬೆಳ್ಳಿಯ ಸಲ್ಫೈಡಿನ ತೆಳುಪೊರೆ ಹಳದಿ, ಕೆಂಪು, ನೀಲಿಗಳನ್ನು ತೋರಿಸುವುದು ಸಾಬೂನಿನ ಗುಳ್ಳೆಯಲ್ಲಿ ಕಾಣುವ ವ್ಯತಿಕರಣದಿಂದಲೇ. ಸಂಗ್ರಾಹಕರು ಅದಕ್ಕೆ ಹೆಚ್ಚಿನ ಬೆಲೆಯನ್ನೂ ಕೊಡುತ್ತಾರೆ.

ಪೂರ್ಣ ಸರಣಿಯ ಮಾತು ಇನ್ನೂ ಮುಗಿಯಲಿಲ್ಲ. 1895ರಲ್ಲಿ ಫಿಲಡೆಲ್ಫಿಯದಲ್ಲಿ 12,000 ಡಾಲರುಗಳು ಚಲಾವಣೆಗಾಗಿ ಅಚ್ಚಾದವೆಂದು ದಾಖಲೆ ಹೇಳುತ್ತದೆ. ಅವುಗಳಲ್ಲಿ ಒಂದಾದರೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಸಿಕ್ಕುವುದೆಲ್ಲ ಸಂಗ್ರಾಹಕರಿಗಾಗಿಯೇ ವಿಶೇಷವಾಗಿ ಅಚ್ಚುಹಾಕಿದ 880ರಲ್ಲಿ ಉಳಿದವು. ಅವುಗಳ ಬೆಲೆ ಸಾಮಾನ್ಯರಿಗೆ ಎಟುಕದು. ಆದುದರಿಂದ ಆ ಒಂದು ಸ್ಥಾನವನ್ನು ಬರಿದಾಗಿಯೇ ಬಿಟ್ಟು, ಸರಣಿ ಪೂರ್ಣವಾಯಿತೆನ್ನುವವರು ಬಹಳ ಮಂದಿ. ನನಗೂ ಅದು ನ್ಯಾಯವೆಂದೇ ತೋರುತ್ತದೆ. ಒಂದೂ ಬಿಡಬಾರದೆಂಬ ಹಟವುಳ್ಳವರು ಕರಗಿಸಿದ ಡಾಲರುಗಳಿಗೆ ಬದಲಾಗಿ 1921ರಿಂದ 1935ರವರೆಗೆ ಬಂದ ‘ಶಾಂತಿ ಡಾಲರ್’ ಸರಣಿಯನ್ನು ಹಿಡಿಯಬಹುದು. ಅದರಲ್ಲಿರುವುದು ಇಪ್ಪತ್ತನಾಲ್ಕೇ ನಾಣ್ಯಗಳು. 1928ರ ಫಿಲಡೆಲ್ಫಿಯದ ನಾಣ್ಯವೊಂದನ್ನು ಕೊಳ್ಳುವಾಗ ಮಾತ್ರ, ಅಲ್ಲಿದ್ದ ‘ಎಸ್’ ಅಕ್ಷರವನ್ನು ಯಾರಾದರೂ ಹೆರೆದು ತೆಗೆದಿದ್ದಾರೆಯೇ ಎಂದು ಭೂತಗನ್ನಡಿಯಲ್ಲಿ ನೋಡಿಕೊಳ್ಳಬೇಕು.