ಪಲ್ಯ ಬಿಡಬ್ಯಾಡ್ರಿ, ಪರೀಕ್ಷೆ ತಪ್ಪಿಸಬ್ಯಾಡ್ರಿ
ಹೊರ್ತಿಯ ಕಾಕಾರೇ, ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು ಬಂದವರಿಗೆ ವಾರ್ಫರಿನ್ ಇಲ್ಲವೇ ಅಸಿಟ್ರಾಮ್ ಗುಳಿಗೆ ತಪ್ಪಿದ್ದಲ್ಲ. ರಕ್ತ ತೆಳು ಮಾಡುವ ಗುಳಿಗೆ ಅಂತೀವಿ, ಆದರೆ ರಕ್ತವೇನೂ ನೀರಾಗುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನು ತಯಾರಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಗುಳಿಗೆ ಆ ವಿಟಮಿನ್ನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಮೆಂತ್ಯ, ರಾಜಗಿರಿ ಪಲ್ಯದಲ್ಲಿರುವುದೂ ಅದೇ ವಿಟಮಿನ್. ಹಾಗಂತ ರೊಟ್ಟಿ ಜೊತೆ ಪಲ್ಯ ಬಿಡುವುದೇನೂ ಬೇಡ. ಒಂದು ವಾರ ತಾಟಿನ ತುಂಬ ಸೊಪ್ಪು, ಮುಂದಿನ ವಾರ ಬರೀ ಶೇಂಗಾ ಚಟ್ನಿ ಆದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ತೋರಿಸುವ ರಕ್ತಪರೀಕ್ಷೆಯ ಅಂಕಿಯಾದ ಐಎನ್‌ಆರ್ ಏರುಪೇರಾಗುತ್ತದೆ. ಅದು ಹಲವರಿಗೆ 2ರಿಂದ 3ರ ಒಳಗಿರಬೇಕು, ಕೆಲವು ವಾಲ್ವ್‌ಗಳಿಗೆ ತುಸು ಹೆಚ್ಚು. ನಿಮ್ಮದೆಷ್ಟೆಂದು ಡಾಕ್ಟರರನ್ನೇ ಕೇಳಿ. ಮೊಣಕಾಲು ನೋವೆಂದು ಅಂಗಡಿಯ ಗುಳಿಗೆ ನುಂಗಬೇಡಿ, ರಕ್ತಸ್ರಾವವಾದೀತು. ಮಲ ಡಾಂಬರಿನಂತೆ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ.