ಹಾರ್ಡ್ ಡಿಸ್ಕಿನ ವೇಗ

(ಅಂತಿಮ ಬಿ. ಎ. ವಿದ್ಯಾರ್ಥಿನಿ)

‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬುದು ಹಿರಿಯರ ಮಾತು. ಇದು ಗಣಕಯಂತ್ರಕ್ಕೂ ಸಲ್ಲುವುದೆಂಬುದನ್ನು ಲಿನಕ್ಸ್ ಗಣಕದ ಉದಾಹರಣೆಯಿಂದ ವಾಚಕರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ. ನಿಮಿಷಕ್ಕೆ 7,200 ಬಾರಿ ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ನಮಗೆ ಅದು ಕ್ಷಣಮಾತ್ರ. ಸೆಕೆಂಡಿಗೆ ಕೋಟ್ಯಂತರ ಲೆಕ್ಕ ಮಾಡುವ ಪ್ರೊಸೆಸರಿಗಾದರೋ ಬಹು ದೀರ್ಘಕಾಲ. ಡಿಸ್ಕಿನ ಕೆಲಸವನ್ನು ಚುರುಕುಗೊಳಿಸಲು ಮುಖ್ಯವಾಗಿ ಮೂರು ಉಪಾಯಗಳುಂಟು.

ಮೊದಲನೆಯದು ಡಿ.ಎಂ.ಎ. ಇದಿಲ್ಲದಿದ್ದರೆ ಡಿಸ್ಕಿನಿಂದ ಬರುವ ಪ್ರತಿಯೊಂದನ್ನೂ ಪ್ರೊಸೆಸರೇ ಸಾಗಿಸಬೇಕು. ಯಜಮಾನನೇ ಮೂಟೆ ಹೊತ್ತಂತೆ. ಇದಿದ್ದರೆ ಮಾಹಿತಿಯು ನೇರವಾಗಿ ಮೆಮೊರಿಗೆ ಸೇರುತ್ತದೆ. ಹಿಂದೆ ಮಾರ್ಕ್ ಲಾರ್ಡ್ ಎಂಬುವರು ರಚಿಸಿದ ‘ಎಚ್‌ಡಿಪಾರ್ಮ್’ ಆಜ್ಞೆಯಿಂದ ಇದನ್ನು ಅನೇಕರು ತಾವೇ ಚಾಲೂ ಮಾಡಿಕೊಳ್ಳಬೇಕಾಗುತ್ತಿತ್ತು. ಈಗ ಲಿನಕ್ಸಿನ ಕರ್ನೆಲ್ ತಾನೇ ಮಾಡಿಕೊಳ್ಳುತ್ತದೆ. ಎರಡನೆಯದು, ಮುಂದೆ ಬೇಕಾಗುವ ಭಾಗವನ್ನು ಕೇಳುವ ಮೊದಲೇ ಓದಿಡುವುದು.

ಮೂರನೆಯದು ರೈಟ್ ಕ್ಯಾಷ್. ಬರೆಯಬೇಕಾದುದನ್ನು ಡಿಸ್ಕು ತನ್ನ ಪುಟ್ಟ ಮೆಮೊರಿಯಲ್ಲಿರಿಸಿಕೊಂಡು ‘ಬರೆದಾಯಿತು’ ಎಂದುಬಿಡುತ್ತದೆ. ತಟ್ಟೆಗೆ ಇಳಿಸುವುದು ಅನಂತರ. ಅಷ್ಟರಲ್ಲಿ ಕರೆಂಟು ಹೋದರೆ ಆ ಬರಹ ಅಳಿದಂತೆಯೇ.

ಕಳೆದ ಮಳೆಗಾಲದಲ್ಲಿ ನಮ್ಮ ಹಳ್ಳಿಯ ಮನೆಯಲ್ಲಿ, ಯು.ಪಿ.ಎಸ್. ಇಲ್ಲದ ಹಳೆಯ ಗಣಕದಲ್ಲಿ ಅಪ್ಪನ ಹಾಲಿನ ಲೆಕ್ಕ ಬರೆದು ಉಳಿಸಿದೆ. ಮರುಕ್ಷಣವೇ ಕರೆಂಟು ಹೋಯಿತು. ಮತ್ತೆ ತೆರೆದಾಗ ಕಡತ ಬರಿದಾಗಿತ್ತು. ತಪ್ಪು ಡಿಸ್ಕಿನದೇ ಎನ್ನಲಾರೆ. ಕರ್ನೆಲ್ ಕೂಡ ಬರಹವನ್ನು ಕೆಲಹೊತ್ತು ಮೆಮೊರಿಯಲ್ಲಿ ಇರಿಸಿಕೊಳ್ಳುವುದುಂಟು. ಓದು ಬಾರದ ಅಪ್ಪ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದಿದ್ದ ಗೆರೆಗಳನ್ನು ಎಣಿಸಿ ಲೆಕ್ಕವನ್ನು ಮತ್ತೆ ಕಟ್ಟಿದೆವು. ಅಪ್ಪ ನಗಲಿಲ್ಲ, ನನಗೆ ನಾಚಿಕೆಯಾಯಿತು.

ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿಯಿಷ್ಟು. ಮೊದಲು ಎಚ್‌ಡಿಪಾರ್ಮಿನ ‘-ಟಿ’ ಎಂಬ ಚಿಕ್ಕಕ್ಷರದ ಆಯ್ಕೆಯಿಂದ ಡಿಸ್ಕು ಓದುವ ವೇಗವನ್ನು ಅಳೆಯಿರಿ. ಅಳೆಯದೆ ಏನನ್ನೂ ಬದಲಿಸಬೇಡಿ. ಕರೆಂಟಿನ ಭರವಸೆಯಿಲ್ಲದ ಕಡೆ ‘-ಡಬ್ಲ್ಯು0’ ಎಂಬ ದೊಡ್ಡಕ್ಷರದ ಆಯ್ಕೆಯಿಂದ ರೈಟ್ ಕ್ಯಾಷನ್ನು ನಿಲ್ಲಿಸಿರಿ. ಬರಹ ನಿಧಾನವಾದರೂ ಚಿಂತೆಯಿಲ್ಲ. ಮುಖ್ಯವಾದುದನ್ನು ಬರೆದಾಗ ‘ಸಿಂಕ್’ ಆಜ್ಞೆ ಕೊಟ್ಟು ಅದು ಮುಗಿಯುವವರೆಗೆ ಕಾಯಿರಿ. ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿರಿ.

ವೇಗ ಬೇಡವೆಂದಲ್ಲ. ಯಾವುದನ್ನು ಪಣಕ್ಕಿಟ್ಟು ವೇಗ ಪಡೆಯುತ್ತೇವೆಂಬುದು ತಿಳಿದಿರಬೇಕು. ನಮ್ಮ ಮನೆಯ ಗೋಡೆಯ ಗೆರೆಗಳನ್ನು ನಾನಿನ್ನೂ ಅಳಿಸಿಲ್ಲ.