ಮಗುವಿನ ಓದು ಎಲ್ಲಿ ನಿಂತಿದೆ?

ಅಕ್ಕಂದಿರೇ, ತಾಯಂದಿರೇ,

ನಾವು ಹಗಲು ಶಾಲೆಯಲ್ಲಿ ಪಾಠ ಮಾಡುವವರು. ಸಂಜೆ ಕಲಿಕಾ ಕೇಂದ್ರದಲ್ಲಿ ನಿಮ್ಮ ಜೊತೆ ಕೂರುವವರು. ಒಂದು ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ.

"ನನ್ನ ಮಗಳು ಮೂರನೇ ಕ್ಲಾಸು. ಇನ್ನೂ ಓದೋಕೆ ಬರಲ್ಲ. ಅವಳು ದಡ್ಡಿ. ಶಾಲೆ ಬಿಡಿಸಿ ಕುರಿ ಕಾಯೋಕೆ ಕಳಿಸ್ತೀನಿ."

ಸ್ವಲ್ಪ ತಾಳಿ. ಗಾಡಿ ನಿಂತರೆ ನಾವು ಏನು ಮಾಡ್ತೀವಿ? ಸುಮ್ಮನೆ ಎತ್ತಿಗೆ ಹೊಡೆಯಲ್ಲ. ಗಾಲಿ ಎಲ್ಲಿ ಹೂತಿದೆ ಅಂತ ಇಳಿದು ನೋಡ್ತೀವಿ. ಮಗುವಿನ ಓದೂ ಹಾಗೇ. ಅದು ಎಲ್ಲಿ ನಿಂತಿದೆ ಅಂತ ಮೊದಲು ನೋಡೋಣ.

ಕಣ್ಣು, ಕಿವಿ ನೋಡಿ

ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುತ್ತದೆಯೇ? ಓದುವಾಗ ತಲೆನೋವು ಅನ್ನುತ್ತದೆಯೇ? ಬೋರ್ಡು ಕಾಣಲ್ಲ ಅನ್ನುತ್ತದೆಯೇ? ಕರೆದರೆ ತಿರುಗುವುದಿಲ್ಲವೇ? ಕಿವಿ ಸೋರುತ್ತದೆಯೇ? ಹಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ವೈದ್ಯರ ತಂಡ ಸರ್ಕಾರಿ ಶಾಲೆಗೇ ಬಂದು ಮಕ್ಕಳನ್ನು ನೋಡುತ್ತದೆ. ಯಾವಾಗ ಬರ್ತಾರೆ ಅಂತ ಮೇಷ್ಟ್ರನ್ನು ಕೇಳಿ. ಒಂದು ಕನ್ನಡಕದಿಂದಲೇ ಓದು ಸರಿಹೋಗಬಹುದು.

ಅಕ್ಷರ ನೋಡಿ

ಕೆಲವು ಅಕ್ಷರಗಳು ಅಕ್ಕತಂಗಿಯರ ಹಾಗೆ ಕಾಣುತ್ತವೆ. ಪ, ವ. ರ, ಠ. ದ, ಧ. ಇವನ್ನು ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮೊರದಲ್ಲಿ ರಾಗಿ ಹಿಟ್ಟು ಹರಡಿ. ಮಗುವಿನ ಬೆರಳು ಹಿಡಿದು ಬರೆಸಿ. ಬರೆಯುತ್ತಾ ಅಕ್ಷರದ ಹೆಸರು ಹೇಳಿಸಿ.

ಕಾಗುಣಿತ, ಒತ್ತು ನೋಡಿ

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಅವಕ್ಕೆ ಕಾಗುಣಿತ ಸೇರಿದರೆ ನೂರಾರು ರೂಪ. ಅ ಆ ಇ ಈ ಬಾಯಿಪಾಠ ಹೇಳುವ ಮಗುವೂ ಇಲ್ಲಿ ನಿಲ್ಲಬಹುದು.

ಬಳೆಗೆ ದೀರ್ಘ ಕೊಟ್ಟರೆ ಬಾಳೆ. ಕರುವಿಗೆ ದೀರ್ಘ ಕೊಟ್ಟರೆ ಕಾರು. ಕತೆಗೆ ಒತ್ತು ಕೊಟ್ಟರೆ ಕತ್ತೆ! ಇಂಥ ಜೋಡಿ ಪದ ಬರೆದು ತೋರಿಸಿ. ಮಗು ನಗುತ್ತದೆ. ನಗುತ್ತಾ ಕಲಿಯುತ್ತದೆ.

ಒತ್ತಕ್ಷರ ಎಷ್ಟು ಕಾಡುತ್ತದೆ ಅಂತ ನಿಮಗೆ ಗೊತ್ತು. ನೀವು ಈಗ ತಾನೇ ಆ ದಾರಿ ನಡೆದು ಬಂದವರು. ಅದಕ್ಕೇ ಮಗುವಿನ ಕಷ್ಟ ನಿಮಗೆ ಬೇಗ ತಿಳಿಯುತ್ತದೆ.

ಮನೆ ಮಾತು ನೋಡಿ

ಮನೆಯಲ್ಲಿ ಲಂಬಾಣಿ, ತುಳು, ಉರ್ದು ಅಥವಾ ತೆಲುಗು. ಶಾಲೆಯಲ್ಲಿ ಪುಸ್ತಕದ ಕನ್ನಡ. ಮಗು ಅಕ್ಷರ ಕೂಡಿಸುತ್ತದೆ, ಅರ್ಥ ಆಗುವುದಿಲ್ಲ. ಪಾಠದ ಕತೆಯನ್ನು ಮೊದಲು ಮನೆ ಮಾತಿನಲ್ಲಿ ಹೇಳಿ. ಆಮೇಲೆ ಓದಿಸಿ.

ದಿನಕ್ಕೆ ಹತ್ತು ನಿಮಿಷ

ರೊಟ್ಟಿ ತಟ್ಟುವಾಗ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. "ಕ" ಇಂದ ಶುರುವಾಗುವ ಮಾತು ಕೇಳಿ. ಕಡಲೆ, ಕಂಬಳಿ, ಕಪ್ಪೆ. ಬಸ್ಸಿನ ಬೋರ್ಡು, ಸೋಪಿನ ಕಾಗದ, ಪಡಿತರ ಚೀಟಿ, ಎಲ್ಲವನ್ನೂ ಓದಿಸಿ. ಮಗು ತಡವರಿಸಿದರೆ ಕಾಯಿರಿ. ಬರದಿದ್ದರೆ ನೀವೇ ಹೇಳಿ, ಮುಂದೆ ಹೋಗಿ. ಹೊಡೆಯಬೇಡಿ. ಪಕ್ಕದ ಮನೆ ಮಗುವಿಗೆ ಹೋಲಿಸಬೇಡಿ. ಹೆದರಿದ ಮಗುವಿನ ಬಾಯಿಂದ ಬರುವ ಮಾತೂ ಹೊರಗೆ ಬರಲ್ಲ.

ಆದರೂ ಓದು ಬರದಿದ್ದರೆ?

ಕೆಲವು ಮಕ್ಕಳು ಮಾತಿನಲ್ಲಿ, ಆಟದಲ್ಲಿ, ಕೆಲಸದಲ್ಲಿ ಚುರುಕು. ತಿಂಗಳುಗಟ್ಟಲೆ ಹೇಳಿಕೊಟ್ಟರೂ ಅಕ್ಷರ ಮಾತ್ರ ಹಿಡಿಯುವುದಿಲ್ಲ. ಇದಕ್ಕೆ ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಡಕು ಕಾರಣ ಇರಬಹುದು. ಇದು ಸೋಮಾರಿತನ ಅಲ್ಲ. ಪಾಪದ ಫಲವೂ ಅಲ್ಲ. ಇಂಥ ಮಗುವೂ ಕಲಿಯುತ್ತದೆ. ಆದರೆ ಬೇರೆ ರೀತಿಯಲ್ಲಿ, ನಿಧಾನವಾಗಿ ಕಲಿಸಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ತೊಡಕನ್ನೂ ಪಟ್ಟಿಗೆ ಸೇರಿಸಿದೆ. ಮೇಷ್ಟ್ರ ಹತ್ತಿರ ಮಾತಾಡಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ರಮಾಣ ಪತ್ರ ಸಿಕ್ಕರೆ ಹತ್ತನೇ ತರಗತಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ.

ಶಾಲೆ ಬಿಡಿಸಬೇಡಿ

6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು. 2009ರ ಕಾಯ್ದೆ ಹೀಗೆ ಹೇಳುತ್ತದೆ. ಶಾಲೆಯಲ್ಲಿ ಮಗುವಿಗೆ ಹೊಡೆಯಬಾರದು, ಮನಸ್ಸು ನೋಯಿಸಬಾರದು ಅಂತಲೂ ಹೇಳುತ್ತದೆ. ಇದನ್ನು ಕೇಳುವ ಹಕ್ಕು ನಿಮಗಿದೆ.

ಓದು ಬರಲಿಲ್ಲ ಅಂತ ಶಾಲೆ ಬಿಡಿಸುವಾಗ, ಮೊದಲು ಹೊರಗೆ ಬರುವವಳು ಹೆಣ್ಣು ಮಗಳು. ನಮ್ಮಲ್ಲಿ ಎಷ್ಟೋ ಜನ ಹಾಗೆ ಬಂದವರೇ ಅಲ್ಲವೇ? ಮೂವತ್ತು, ನಲವತ್ತು ವರ್ಷ ಆದ ಮೇಲೆ ನಾವು ಕಲಿಯಬಲ್ಲೆವು. ಎಂಟು ವರ್ಷದ ಮಗಳು ಕಲಿಯಲಾರಳೇ?

ಮಾತಾಡೋಣ

1. ನಿಮಗೆ ಯಾವ ಅಕ್ಷರ ಕಷ್ಟವಾಯಿತು? ಹೇಗೆ ಕಲಿತಿರಿ?
2. ನಿಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಹುಡುಗಿ ಇದ್ದಾಳೆಯೇ? ಏಕೆ ಬಿಟ್ಟಳು?
3. ಬಳೆ – ಬಾಳೆ, ಕತೆ – ಕತ್ತೆ. ಇಂಥ ಇನ್ನೂ ಮೂರು ಜೋಡಿ ಬರೆಯಿರಿ. ಇವತ್ತು ರಾತ್ರಿ ಮಗುವಿನಿಂದ ಓದಿಸಿ.